ಇಸಾಂಪುರದ ಮಣ್ಣಿನಲ್ಲಿ ಅವರ ಡಿಎನ್‌ಎ ಸಿಗುತ್ತಾ?

ಹಳೆಯ ಡಿಎನ್‌ಎ ಡೇಟಾ ನೋಡುವುದು ನನ್ನ ಕೆಲಸ ಅಂದ ಕೂಡಲೇ ಯಾದಗಿರಿ ಜಿಲ್ಲೆಯ ಸುರಪುರ, ಹುಣಸಗಿ ಕಡೆಯವರು ಕೇಳುವುದು ಇದನ್ನೇ: "ನಮ್ಮ ಇಸಾಂಪುರದ ಮಣ್ಣು ಕೊಡ್ತೀವ್ರಿ ಸರ್. ಅಲ್ಲಿ ಕಲ್ಲಿನ ಕೊಡಲಿ ಮಾಡಿದವ್ರು ಯಾರಂತ ನಿಮ್ಮ ಸಾಫ್ಟ್‌ವೇರ್ ಹೇಳಂಗಿಲ್ಲೇನ್ರಿ?"

ಒಳ್ಳೆಯ ಪ್ರಶ್ನೆ. ಇಸಾಂಪುರ ಅಂದರೆ ಅಲ್ಲೇ ಹತ್ತಿರ, ಆದಿಮಾನವರು ಕಲ್ಲಿನ ಆಯುಧ ಮಾಡುತ್ತಿದ್ದ ಜಾಗ. ಹಳೆಯ ಡಿಎನ್‌ಎಗೆ ಮೂಳೆಯೇ ಬೇಕು ಅಂತೇನಿಲ್ಲ. 2017ರಲ್ಲಿ ಲೈಪ್ಜಿಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು, ಮನುಷ್ಯರ ಮೂಳೆ ಸಿಗದ ಪದರಗಳ ಮಣ್ಣಿನಿಂದಲೂ ನಿಯಾಂಡರ್ತಾಲ್ ಎಂಬ, ಈಗ ಅಳಿದುಹೋಗಿರುವ ಮಾನವರ ಡಿಎನ್‌ಎ ತೆಗೆದರು.

ಆದರೆ ಮಣ್ಣಿನಲ್ಲಿ ಸಿಗುವುದು ಬಹುಪಾಲು ಬ್ಯಾಕ್ಟೀರಿಯಾದ್ದು. ಅದನ್ನೆಲ್ಲ ಬೇರೆ ಮಾಡಿದ ಮೇಲೆ ಮನುಷ್ಯನದ್ದು ಚೂರು ಸಿಕ್ಕಿತು ಅಂತಿಟ್ಟುಕೊಳ್ಳಿ. ಅದು ಅಗೆದವರ ಬೆವರಿನದ್ದೂ ಇರಬಹುದು ಅಲ್ವಾ? ಇಲ್ಲೇ ಸಾಫ್ಟ್‌ವೇರ್‌ನ ನಿಜವಾದ ಕೆಲಸ ಶುರು. ಡಿಎನ್‌ಎ ಹಳೆಯದಾದಂತೆ ತುಂಡಾಗುತ್ತದೆ. ಡಿಎನ್‌ಎ ಅಂದರೆ ಎ, ಸಿ, ಜಿ, ಟಿ ಎಂಬ ನಾಲ್ಕು ರಾಸಾಯನಿಕ ಅಕ್ಷರಗಳ ಸಾಲು. ಆ ತುಂಡುಗಳ ತುದಿಯಲ್ಲಿರುವ ಸಿ ಅಕ್ಷರ ಕೆಟ್ಟು, ಯಂತ್ರ ಅದನ್ನು ಟಿ ಅಂತ ಓದುತ್ತದೆ. ಮ್ಯಾಪ್‌ಡ್ಯಾಮೇಜ್ ಎಂಬ ಸಾಫ್ಟ್‌ವೇರ್ ಇದನ್ನು ಲೆಕ್ಕ ಹಾಕಿ ಗ್ರಾಫ್ ಬಿಡಿಸುತ್ತದೆ. ತುದಿಯ ಕಡೆ ಗೆರೆ ಮೇಲಕ್ಕೆದ್ದರೆ ಹಳೆಯದು. ನೆಟ್ಟಗೆ ಮಲಗಿದ್ದರೆ ಮೊನ್ನೆಯದು. ಗೆರೆ ಏಳದಿದ್ದರೆ ಎಷ್ಟೇ ಮಾನವ ಡಿಎನ್‌ಎ ಸಿಕ್ಕರೂ ನಾನು ನಂಬುವುದಿಲ್ಲ. ತೀರಾ ಚಿಕ್ಕ ತುಂಡುಗಳನ್ನೂ ಬಿಸಾಡುತ್ತೇವೆ. 30 ಅಕ್ಷರಕ್ಕಿಂತ ಕಡಿಮೆ ಇದ್ದರೆ ಅದು ಮನುಷ್ಯನಿಗೂ ಹೊಂದುತ್ತದೆ, ಬ್ಯಾಕ್ಟೀರಿಯಾಕ್ಕೂ ಹೊಂದುತ್ತದೆ.

ಈಗ ಇಸಾಂಪುರ. ಪುರಾತತ್ವಜ್ಞ ಕೆ. ಪದ್ದಯ್ಯ ಅವರ ತಂಡ ಅಗೆದ ಆ ಜಾಗಕ್ಕೆ, ಪ್ರಾಣಿಗಳ ಹಲ್ಲಿನ ಎನಾಮೆಲ್ (ಹೊರಗಿನ ಗಟ್ಟಿ ಪದರ) ಪರೀಕ್ಷೆಯಿಂದ ಸಿಕ್ಕ ಕಾಲ ಸುಮಾರು 12 ಲಕ್ಷ ವರ್ಷ. ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಬಿಸಿಲು, ನೀರು ಎರಡೂ ಡಿಎನ್‌ಎ ಮುರಿಯುತ್ತವೆ. ಗ್ರೀನ್‌ಲ್ಯಾಂಡ್‌ನಲ್ಲಿ 20 ಲಕ್ಷ ವರ್ಷದ್ದು ಸಿಕ್ಕಿದೆ, ನಿಜ. ಆದರೆ ಅದು ಹೆಪ್ಪುಗಟ್ಟಿದ ನೆಲ, ಸಿಕ್ಕಿದ್ದು ಗಿಡ, ಪ್ರಾಣಿಗಳದ್ದು. ಹರಿಯಾಣದ ರಾಖಿಗಢಿಯಲ್ಲಿ 60ಕ್ಕೂ ಹೆಚ್ಚು ಅಸ್ಥಿಪಂಜರ ನೋಡಿದಾಗ ಒಂದರಲ್ಲಿ ಮಾತ್ರ ಕೆಲಸಕ್ಕೆ ಬರುವಷ್ಟು ಡಿಎನ್‌ಎ ಸಿಕ್ಕಿತು. ಅದೂ ಬರೀ ನಾಲ್ಕೂವರೆ ಸಾವಿರ ವರ್ಷದ ಆಸುಪಾಸಿನದ್ದು. ಹಾಗಾಗಿ ಇಸಾಂಪುರದ ಬಗ್ಗೆ ಕೇಳಿದರೆ ಸುಮ್ನೆ ಆಸೆ ಹುಟ್ಟಿಸುವುದಿಲ್ಲ. ಸಿಗುವುದಿಲ್ಲ ಅಂತಲೇ ಹೇಳುತ್ತೇನೆ.

ನನ್ನ ಆಸೆ ಇರುವುದು ಅಲ್ಲೇ ಹತ್ತಿರದ ಬೂದಿಹಾಳದ ಮೇಲೆ. ಸುಮಾರು 4,000 ವರ್ಷದ ಹಿಂದೆ ದನ ಸಾಕಿದವರು ಸಗಣಿ ಸುಟ್ಟು ಬೆಳೆಸಿದ ಬೂದಿದಿಬ್ಬ ಅದು. ಸುಟ್ಟ ಬೂದಿಯಲ್ಲಿ ಏನೂ ಉಳಿದಿರಲಿಕ್ಕಿಲ್ಲ. ಸುಡದ ದೊಡ್ಡಿಯ ಮಣ್ಣಿನಲ್ಲಿ ದನದ್ದಾದರೂ ಒಂದಿಷ್ಟು ಸಿಗಬಹುದು. ಪ್ರಯತ್ನ ಮಾಡಲೇಬೇಕು ಅನ್ನುವವನು ನಾನು. ಆದರೆ ನೀವೇ ಅಗೆದು ನನಗೆ ಮಣ್ಣು ತಂದುಕೊಡಬೇಡಿ. ಕೈ ಮುಟ್ಟಿದ ಮಣ್ಣಿನಿಂದ ಉಪಯೋಗವಿಲ್ಲ. ಗ್ಲೌಸ್, ಮಾಸ್ಕ್ ಹಾಕಿಕೊಂಡು ಪದರ ನೋಡಿ ತೆಗೆದದ್ದೇ ಬೇಕು. ನಿಮ್ಮೂರ ಕಡೆ ಬೂದಿದಿಬ್ಬ ಇದ್ದರೆ, ಹೊಲಕ್ಕೆ ಗೊಬ್ಬರ ಅಂತ ಯಾರೂ ಅಗೆದು ಒಯ್ಯದಂತೆ ನೋಡಿಕೊಳ್ಳಿ.