ಮೊದಲು ತುಂಬಿಸಿಕೊಳ್ಳಿ, ದುಡಿಮೆ ಆಮೇಲೆ

ದೇವರ ಚಿತ್ತ ಏನೆಂದು ಹುಡುಕುವ ವಿಶ್ವಾಸಿ ಸಾಮಾನ್ಯವಾಗಿ ಕೈಹಾಕುವುದು ಸೇವೆಗಳ ಪಟ್ಟಿಗೆ: ಕ್ವಾಯರ್, ಸಂಡೇ ಸ್ಕೂಲ್, ಉಪವಾಸ ಕೂಟ, ಸುವಾರ್ತೆ. ಇವೆಲ್ಲವನ್ನೂ ಮೈಮೇಲೆ ಹಾಕಿಕೊಂಡು ಒಳಗೊಳಗೇ ಬತ್ತಿಹೋದವರು ಎಲ್ಲ ಸಭೆಗಳಲ್ಲೂ ಸಿಗುತ್ತಾರೆ. ಬೈಬಲಿನ ಎಫೆಸದವರಿಗೆ ಬರೆದ ಪತ್ರದ 5:18ರಲ್ಲಿ ಅಪೊಸ್ತಲ ಪೌಲ ಹೇಳುವುದು ಪವಿತ್ರಾತ್ಮಭರಿತರಾಗಿರಿ ಎಂದು. ಹಾಡು, ಕೃತಜ್ಞತಾಸ್ತುತಿ, ಒಬ್ಬರಿಗೊಬ್ಬರು ತಗ್ಗಿ ನಡೆಯುವುದು ಎಲ್ಲ ಅದರ ನಂತರದ ವಚನಗಳಲ್ಲಿ ಬರುತ್ತವೆ. ಈ ಕ್ರಮ ತಿರುಗುಮುರುಗಾದರೆ ಸೇವೆ ಹೊರೆಯಾಗುತ್ತದೆ.

ಎರಡನೇ ಅರಸುಗಳು 4ರ ವಿಧವೆಯನ್ನು ನೋಡಿ. ಸಾಲ ಕೊಟ್ಟವನು ಇಬ್ಬರು ಮಕ್ಕಳನ್ನೂ ದಾಸರನ್ನಾಗಿ ಎಳೆದೊಯ್ಯಲು ಬಂದಿದ್ದಾನೆ. ಮನೆಯಲ್ಲಿರುವುದು ಒಂದಿಷ್ಟು ಎಣ್ಣೆ. ಪ್ರವಾದಿ ಎಲೀಷ ಆಕೆಗೆ ಹೇಳಿದ್ದು ನೆರೆಹೊರೆಯವರಿಂದ ಬರಿದಾದ ಪಾತ್ರೆಗಳನ್ನು ಕೇಳಿ ತರಲು, ಅದೂ ಸ್ವಲ್ಪವಲ್ಲ. ಬಾಗಿಲು ಮುಚ್ಚಿದಳು, ಮಕ್ಕಳು ಪಾತ್ರೆ ತಂದುಕೊಟ್ಟರು, ಆಕೆ ಹೊಯ್ದಳು. ಇನ್ನು ಪಾತ್ರೆಯಿಲ್ಲ ಎಂದಾಗ ಎಣ್ಣೆ ನಿಂತಿತು. ಆಕೆಯೂ ಕೆಲಸ ಮಾಡಿದಳು, ಆದರೆ ಎಣ್ಣೆ ಉಂಟುಮಾಡುವ ಕೆಲಸ ಆಕೆಯದಾಗಿರಲಿಲ್ಲ.

ತುಂಬಿಸಲ್ಪಟ್ಟವರೆಲ್ಲ ಪ್ರಸಂಗಪೀಠ ಹತ್ತಬೇಕೆಂದೇನೂ ಇಲ್ಲ. ವಿಮೋಚನಕಾಂಡ 31ರಲ್ಲಿ ದೇವರು ತನ್ನ ಆತ್ಮದಿಂದ ತುಂಬಿಸಿದ ಬೆಚಲೇಲ ಒಬ್ಬ ಕುಶಲಕರ್ಮಿ. ಚಿನ್ನ, ಬೆಳ್ಳಿ, ತಾಮ್ರ, ಮರ, ಕಲ್ಲು ಅವನ ಕ್ಷೇತ್ರ. ಅಪೊಸ್ತಲರ ಕೃತ್ಯಗಳು 6ರಲ್ಲಿ ವಿಧವೆಯರಿಗೆ ದಿನದ ಆಹಾರ ಹಂಚುವುದಕ್ಕೂ ಆತ್ಮಭರಿತರಾದ 7 ಮಂದಿಯೇ ಬೇಕಾಯಿತು. ಊಟ ಬಡಿಸಲು ಇಷ್ಟು ದೊಡ್ಡ ಅರ್ಹತೆಯೇಕೆ ಎನಿಸಬಹುದು. ಅಲ್ಲಿ ಎರಡು ಭಾಷೆಯವರ ನಡುವೆ ಗೊಣಗಾಟ ಎದ್ದಿತ್ತು; ಅನ್ನದ ಲೆಕ್ಕ ಬಲ್ಲವನಿಗಿಂತ ಪಕ್ಷಪಾತವಿಲ್ಲದ ಮನಸ್ಸಿನವನೇ ಅಗತ್ಯವಿತ್ತು.

ಇನ್ನು ದಿನನಿತ್ಯದ ಅಭ್ಯಾಸ. ಬೆಳಿಗ್ಗೆ 20 ನಿಮಿಷ ಸಾಕು, ಫೋನ್ ಬೇರೆ ಕೋಣೆಯಲ್ಲಿರಲಿ. ಮೊದಲು ಕೀರ್ತನೆ 139:23-24 ಓದಿ ಸುಮ್ಮನಿರಿ. ನೆನಪಿಗೆ ಬಂದ ಪಾಪವನ್ನು ಹೆಸರಿಟ್ಟೇ ಅರಿಕೆ ಮಾಡಿ. 'ನನ್ನೆಲ್ಲಾ ಪಾಪಗಳು' ಎಂದು ಒಟ್ಟಾಗಿ ಹೇಳಿದರೆ ಯಾವುದನ್ನೂ ಬಿಟ್ಟುಕೊಡಬೇಕಾಗುವುದಿಲ್ಲ. ಆಮೇಲೆ 8-10 ವಚನಗಳನ್ನು ಗಟ್ಟಿಯಾಗಿ ಎರಡು ಸಲ ಓದಿ. ಈ ಭಾಗವನ್ನು ಬಿಡಬೇಡಿ: ಕೊಲೊಸ್ಸೆಯವರಿಗೆ 3:16ರಲ್ಲಿ ಕ್ರಿಸ್ತನ ವಾಕ್ಯ ಸಮೃದ್ಧಿಯಾಗಿ ನೆಲೆಸಿದಾಗ ಕಾಣುವ ಫಲಗಳು ಎಫೆಸದ ಪತ್ರದಲ್ಲಿ ಆತ್ಮಭರಿತರಾದಾಗ ಕಾಣುವ ಫಲಗಳನ್ನೇ ಹೋಲುತ್ತವೆ. ಕೊನೆಗೆ ಆ ದಿನ ಎದುರಾಗಲಿರುವ ಒಬ್ಬ ವ್ಯಕ್ತಿ, ಒಂದು ಕೆಲಸವನ್ನು ದೇವರ ಮುಂದಿಟ್ಟು, ತುಂಬಿಸೆಂದು ಕೇಳಿ. ಪವಿತ್ರಾತ್ಮನನ್ನು ಕೊಡುವ ಲೂಕ 11:13ರ ವಾಗ್ದಾನ ಕೇಳುವವರಿಗೇ.

ಎಡವುವುದು ಎಲ್ಲಿ? ಹೆಚ್ಚಿನವರು ಇದನ್ನೇ ಮತ್ತೊಂದು ಸಾಧನೆಯಾಗಿಸಿಕೊಳ್ಳುತ್ತಾರೆ: ಎಷ್ಟು ಅಧ್ಯಾಯ ಮುಗಿಸಿದೆ, ಎಷ್ಟು ದಿನ ತಪ್ಪಿಸಲಿಲ್ಲ ಎಂಬ ಲೆಕ್ಕ. ಕೆಲವರು ಕಣ್ಣೀರೋ ನಡುಕವೋ ಬರದಿದ್ದರೆ ಏನೂ ಆಗಲಿಲ್ಲವೆಂದು ಕೈಬಿಡುತ್ತಾರೆ. ಗಲಾತ್ಯದವರಿಗೆ 5:22ರ ಆತ್ಮಫಲಗಳ ಪಟ್ಟಿಯಲ್ಲಿ ನಡುಕವಿಲ್ಲ, ದೀರ್ಘಶಾಂತಿಯಿದೆ, ಅಂದರೆ ತಾಳ್ಮೆ. ಅದಿದೆಯೋ ಇಲ್ಲವೋ ಎಂಬುದನ್ನು ಮನೆಯವರನ್ನೇ ಕೇಳುವುದು ವಾಸಿ. ಒಮ್ಮೆ ತುಂಬಿದರೆ ಮುಗಿಯಿತೆನ್ನುವವರೂ ಇದ್ದಾರೆ. ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದುಬಂದ ಪಂಚಾಶತ್ತಮದ ದಿನ ತುಂಬಿದ್ದ ಪೇತ್ರ, ಯೋಹಾನರು ಕೃತ್ಯಗಳು 4:31ರಲ್ಲಿ ಸಭೆಯೊಂದಿಗೆ ಮತ್ತೆ ತುಂಬಿಸಲ್ಪಟ್ಟರು, ಬೆದರಿಕೆಯ ನಡುವೆ ಪ್ರಾರ್ಥಿಸಿದ ಮೇಲೆ.

ಸೋಮಾರಿತನಕ್ಕೆ ಇದು ನೆಪವೂ ಅಲ್ಲ. ಪೌಲ ಎಲ್ಲರಿಗಿಂತ ಹೆಚ್ಚು ಪ್ರಯಾಸಪಟ್ಟೆನೆಂದು ಬರೆದು, ಅದು ನಾನಲ್ಲ, ನನ್ನೊಂದಿಗಿದ್ದ ದೇವರ ಕೃಪೆಯೇ ಎನ್ನುತ್ತಾನೆ (1 ಕೊರಿಂಥ 15:10). ಹಾಗಾಗಿ ಹೊಸ ಜವಾಬ್ದಾರಿ ಕೇಳಿಬಂದರೆ ಅಲ್ಲೇ ಒಪ್ಪಿಕೊಳ್ಳದೆ ಒಂದು ವಾರ ಪ್ರಾರ್ಥನೆಯಲ್ಲಿಡಿ. ಅದನ್ನು ಒಪ್ಪಲು ಬೆಳಗಿನ ಆ 20 ನಿಮಿಷವನ್ನೇ ಬಿಡಬೇಕಾಗುವುದಾದರೆ, ಈಗಿರುವ ಕೆಲಸಗಳಲ್ಲಿ ಒಂದನ್ನು ಬೇರೊಬ್ಬರಿಗೆ ಒಪ್ಪಿಸಿದ ಮೇಲೆಯೇ ಹೂಂ ಅನ್ನಿ.