ವಿಜಯಪುರದಿಂದ ಬಾದಾಮಿಗೆ ದೊಡ್ಡ ಬೈಕಿನಲ್ಲಿ ಹೊರಟವರು ಹಿಂದಿನ ಶಾಕ್ ಅಬ್ಸಾರ್ಬರ್ ಮೊದಲು ನೋಡಿಕೊಳ್ಳಿ

ಹೊರಡುವ ಮುಂಚೆ ಗಾಡಿಯನ್ನು ಸರ್ವಿಸ್‌ಗೆ ಬಿಟ್ಟಿದ್ದೆ. ಬಿಲ್ಲಿನಲ್ಲಿ 'ಸಸ್ಪೆನ್ಷನ್ ಸೆಟ್ಟಿಂಗ್' ಅಂತ 800 ರೂಪಾಯಿ ಬೇರೆ ಹಾಕಿದ್ದರು. ಏನು ಮಾಡಿದ್ದಾರೆ ಅಂತ ನೋಡಿದರೆ, ಹಿಂದಿನ ಪ್ರೀಲೋಡ್ ಗುಂಡಿಯನ್ನು (ಶಾಕ್‌ನ ಸ್ಪ್ರಿಂಗನ್ನು ಮೊದಲೇ ಎಷ್ಟು ಒತ್ತಿಡಬೇಕು ಅಂತ ಹೊಂದಿಸುವುದು) ಕೊನೆಯವರೆಗೂ ಬಿಗಿ ಮಾಡಿದ್ದರು, ಅಷ್ಟೇ. "ಲಾಂಗ್ ಹೊಂಟೀರಿ ಅಲ್ರಿ ಸರ, ಟೈಟ್ ಇರಬೇಕ್ರಿ" ಅಂದರು. ನನ್ನದು ಸುಜುಕಿ ವಿ-ಸ್ಟ್ರೋಮ್ 650. ಅದರಲ್ಲಿ ಆ ಗುಂಡಿಗೆ ಪಾನಾ ಕೂಡ ಬೇಡ, ಕೈಯಲ್ಲೇ ತಿರುಗುತ್ತದೆ. ನಾನು ಒಬ್ಬನೇ, ಸೀಟಿನ ಮೇಲೆ ಒಂದು ಬ್ಯಾಗು. ಅಷ್ಟು ಬಿಗಿಯ ಅಗತ್ಯವೇ ಇರಲಿಲ್ಲ.

ಅದರ ಫಲ ಕೊಲ್ಹಾರ ಮುಟ್ಟುವ ಮುಂಚೆಯೇ ಗೊತ್ತಾಯಿತು. ಇದು ಎರೆ ಭೂಮಿ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕುಗ್ಗುತ್ತದೆ. ಮೇಲಿನ ಡಾಂಬರೂ ಅದರ ಜೊತೆ ಏಳುತ್ತದೆ, ಇಳಿಯುತ್ತದೆ. ಕಣ್ಣಿಗೆ ರಸ್ತೆ ನುಣ್ಣಗಿದೆ, ಗುಂಡಿ ಇಲ್ಲ. ಆದರೆ ಕೆಲವು ಕಡೆ ಉದ್ದುದ್ದ ಅಲೆ. ಪ್ರತಿ ಉಬ್ಬು ದಾಟಿದಾಗಲೂ ಹಿಂದಿನಿಂದ 'ಠಕ್' ಅಂತ ಸದ್ದು, ಸೀಟು ಸೊಂಟಕ್ಕೆ ಒದೆಯುತ್ತಿತ್ತು.

ಪ್ರೀಲೋಡ್ ಹೆಚ್ಚಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಸ್ಪ್ರಿಂಗಿನ ಗಡಸುತನ ಇದ್ದಷ್ಟೇ ಇರುತ್ತದೆ. ಬದಲಾಗುವುದು ಗಾಡಿ ನಿಲ್ಲುವ ಎತ್ತರ. ನೀವು ಕೂತಾಗ ಗಾಡಿ ಸ್ವಲ್ಪ ಕುಸಿಯಲೇಬೇಕು, ಅದೇ ಸ್ಯಾಗ್. ಹಾಗೆ ಕುಸಿದಿದ್ದರೆ ಮಾತ್ರ ತಗ್ಗು ಬಂದಾಗ ಚಕ್ರ ಕೆಳಗಿಳಿದು ರಸ್ತೆ ಹಿಡಿಯುತ್ತದೆ. ಪೂರ್ತಿ ಬಿಗಿ ಮಾಡಿದರೆ ಇಳಿಯಲು ಜಾಗವೇ ಉಳಿಯುವುದಿಲ್ಲ, ಶಾಕ್ ತನ್ನ ತುದಿಗೆ ಹೋಗಿ ಬಡಿಯುತ್ತದೆ. ಆ ಸದ್ದು ಅದೇ.

ಜೊತೆಗಿದ್ದ ಗೆಳೆಯನದು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411. ಹಿಂದೆ ಹೆಂಡತಿ, ಎರಡೂ ಕಡೆ ಪೆಟ್ಟಿಗೆ, ಪ್ರೀಲೋಡ್ ಕಂಪನಿಯಿಂದ ಬಂದಂತೆಯೇ. ಅವನದು ಉಲ್ಟಾ ಕಷ್ಟ. ಹಿಂಭಾಗ ಕೂತುಬಿಟ್ಟಿತ್ತು, ಹ್ಯಾಂಡಲ್ ಹಗುರಾಗಿ ತೇಲುತ್ತಿತ್ತು, ಹೆಡ್‌ಲೈಟ್ ಮೇಲಕ್ಕೆ ಎದ್ದು ಎದುರು ಬಂದವರೆಲ್ಲ ಅವನಿಗೆ ಡಿಪ್ಪರ್ ಹೊಡೆಯುತ್ತಿದ್ದರು.

ಕೆರೂರು ಇನ್ನೂ ದೂರ ಇರುವಾಗ ರಸ್ತೆ ಪಕ್ಕದ ಒಂದು ಖಾನಾವಳಿಯಲ್ಲಿ ನಿಲ್ಲಿಸಿದೆವು. ತಗಡಿನ ಮಾಡು, ಬೋರ್ಡೂ ಇಲ್ಲ. ಆ ಊಟದ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ತಟ್ಟೆಗೆ ಬಿದ್ದ ಬಿಸಿ ಜೋಳದ ರೊಟ್ಟಿ ಇನ್ನೂ ಉಬ್ಬಿಕೊಂಡೇ ಇತ್ತು. ಎಣ್ಣೆಗಾಯಿ, ಮಡಕಿಕಾಳಿನ ಪಲ್ಯ, ಝುಣಕ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಅದರ ಮೇಲೆ ಗಟ್ಟಿ ಮೊಸರು. ಪಕ್ಕದಲ್ಲಿ ಹಸಿ ಮೆಂತ್ಯ ಸೊಪ್ಪು, ಉಳ್ಳಾಗಡ್ಡಿ. ಅಗಸಿ ಚಟ್ನಿಗೆ ಮೊಸರು ಕಲಸಿ ತಿನ್ನಬೇಕು ಅಂತ ಅಜ್ಜಿ ತಾವೇ ಬಂದು ಕಲಸಿಕೊಟ್ಟರು. "ಇನ್ನೊಂದ್ ರೊಟ್ಟಿ ತಗೋರಿ, ಗಾಡಿ ಓಡ್ಸೋರು ಹಿಂಗ ತಿಂದ್ರ ಹೆಂಗ?" ಅಂದರು. ಒಬ್ಬರಿಗೆ ನೂರು ರೂಪಾಯಿ ಆಗಲಿಲ್ಲ. ಬಾದಾಮಿಯಲ್ಲಿ ಟೂರಿಸ್ಟ್ ಹೋಟೆಲಿನ ಒಣ ಥಾಲಿಗೆ ದುಡ್ಡು ಕೊಡುವ ಬದಲು ದಾರಿಯಲ್ಲೇ ಹೊಟ್ಟೆ ತುಂಬಿಸಿಕೊಳ್ಳಿ.

ಅಲ್ಲಿಯೇ ಎರಡೂ ಗಾಡಿ ಸರಿ ಮಾಡಿದೆವು. ಅಜ್ಜಿಯ ಮೊಮ್ಮಗ ಟೇಪ್ ಹಿಡಿದ. ಸೈಡ್ ಸ್ಟ್ಯಾಂಡಿನ ಮೇಲೆ ವಾಲಿಸಿ ಹಿಂದಿನ ಚಕ್ರ ನೆಲ ಬಿಡುವಂತೆ ಎತ್ತಿ, ಆಕ್ಸಲ್‌ನಿಂದ ನೇರ ಮೇಲೆ ಸೀಟಿನ ಕೆಳಗಿನ ಒಂದು ಗುರುತಿನವರೆಗೆ ಅಳೆದೆವು. ಆಮೇಲೆ ಪೂರ್ತಿ ಲಗೇಜ್ ಸಮೇತ ಕೂತು ಅದೇ ಅಳತೆ. ಎರಡರ ವ್ಯತ್ಯಾಸವೇ ಸ್ಯಾಗ್. ಹಿಂದಿನ ಚಕ್ರದ ಒಟ್ಟು ಮೇಲೆ-ಕೆಳಗಿನ ಚಲನೆಯ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ ಇದ್ದರೆ ಸರಿ. ನನ್ನ ಗಾಡಿಗೆ ಹಿಂದೆ 160 ಮಿ.ಮೀ. ಚಲನೆ, ಅಂದರೆ 50 ಮಿ.ಮೀ. ಆಸುಪಾಸು. ಹಿಮಾಲಯನ್‌ಗೆ 180, ಅದಕ್ಕೆ 55ರ ಹತ್ತಿರ. ನಾನು ಸಡಿಲ ಮಾಡಿದೆ, ಅವನು ಟೂಲ್‌ಕಿಟ್‌ನ ಪಾನಾ ಹಿಡಿದು ಬಿಗಿ ಮಾಡಿದ.

ಠಕ್ ಸದ್ದು ಹೋಯಿತು. ಆದರೂ ಅಲೆ ರಸ್ತೆಯಲ್ಲಿ ಗಾಡಿ ತೊಟ್ಟಿಲಿನ ಹಾಗೆ ತೂಗುವುದು ಪೂರ್ತಿ ನಿಲ್ಲಲಿಲ್ಲ. ಅದು ರೀಬೌಂಡ್ ಕೆಲಸ. ಒತ್ತಿದ ಸ್ಪ್ರಿಂಗ್ ಎಷ್ಟು ಬೇಗ ವಾಪಸ್ ಏಳಬೇಕು ಅಂತ ಶಾಕ್ ಒಳಗಿನ ಎಣ್ಣೆ ನಿರ್ಧರಿಸುತ್ತದೆ. ವಿ-ಸ್ಟ್ರೋಮ್‌ನಲ್ಲಿ ಅದಕ್ಕೆ ಶಾಕ್‌ನ ಕೆಳತುದಿಯಲ್ಲಿ ಒಂದು ಸ್ಕ್ರೂ ಇದೆ. ಈಗ ಎಲ್ಲಿದೆ ಅಂತ ಸುತ್ತು ಎಣಿಸಿ ಬರೆದಿಟ್ಟುಕೊಂಡು, ಕಾಲು ಸುತ್ತು, ಕಾಲು ಸುತ್ತು ಮಾತ್ರ ಬದಲಿಸಿ. ಹೆಚ್ಚು ಬಿಗಿ ಮಾಡಬೇಡಿ. ಬಾದಾಮಿ ದಾಟಿ ಪಟ್ಟದಕಲ್ಲು, ಐಹೊಳೆ ಕಡೆ ಸಣ್ಣ ರಸ್ತೆ. ಕಿತ್ತುಹೋದ ಡಾಂಬರಿನ ಮೇಲೆ ಒಂದರ ಹಿಂದೆ ಒಂದು ಏಟು ಬೀಳುತ್ತದೆ. ಚಕ್ರ ವಾಪಸ್ ಬರುವ ಮುಂಚೆಯೇ ಮುಂದಿನ ಏಟು ಬಿದ್ದರೆ ಶಾಕ್ ಕುಗ್ಗುತ್ತಾ ಹೋಗಿ ಕಲ್ಲಿನಂತಾಗುತ್ತದೆ.

ಹಿಮಾಲಯನ್ 411ರಲ್ಲಿ ಆ ಸ್ಕ್ರೂ ಇಲ್ಲ. ವೇಗ ಬದಲಿಸುವುದೊಂದೇ ದಾರಿ. 80ರಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಅಲೆಗಳ ನಡುವೆ ಹನ್ನೆರಡು, ಹದಿನೈದು ಮೀಟರ್ ಇದ್ದರೆ ಸೆಕೆಂಡಿಗೆ ಒಂದೂವರೆ, ಎರಡು ಏಟು. ಗಾಡಿ ತಾನಾಗಿ ತೂಗುವ ಲಯವೂ ಹೆಚ್ಚುಕಡಿಮೆ ಅಷ್ಟೇ. ಎರಡೂ ಸೇರಿದರೆ ಕುಣಿತ ಬೆಳೆಯುತ್ತಲೇ ಹೋಗುತ್ತದೆ. 60ಕ್ಕೆ ಇಳಿದ ಕೂಡಲೇ ಅವನ ಗಾಡಿ ತಣ್ಣಗಾಯಿತು.

ಬಾದಾಮಿಯಲ್ಲಿ ರೂಮಿನ ಅನುಭವ ಕೆಟ್ಟದ್ದು. ಬನಶಂಕರಿ ಜಾತ್ರೆ ಹತ್ತಿರ ಇತ್ತು. ಕಿಟಕಿ ಇಲ್ಲದ, ಬಿಸಿನೀರು ಬಕೆಟ್‌ನಲ್ಲಿ ಕೊಡುವ ಲಾಡ್ಜಿಗೆ 2,400 ರೂಪಾಯಿ ಕಿತ್ತರು. ಗಾಡಿ ನಿಲ್ಲಿಸಲು ಬೀದಿಯೇ ಗತಿ. ನನಗೆ ಜಂಗುಳಿ ಆಗಿಬರುವುದಿಲ್ಲ, ಹಾಗಾಗಿ ಗುಹೆಗಳನ್ನು ದೂರದಿಂದಲೇ ನೋಡಿ ಪಟ್ಟದಕಲ್ಲಿಗೆ ಹೊರಟೆ. ಬನದ ಹುಣ್ಣಿಮೆಯ ಆಚೀಚೆ ಬರುವವರು ಬಾಗಲಕೋಟೆಯಲ್ಲಿ ಉಳಿದು ಬೆಳಿಗ್ಗೆ ಬಾದಾಮಿಗೆ ಬನ್ನಿ.

ವಾಪಸ್ ಬರುವಾಗ ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡು, ಕೂಡಲಸಂಗಮ ನೋಡಿ, ನಿಡಗುಂದಿ ಮೇಲೆ ಹೈವೇ 50 ಹಿಡಿದೆವು. ನಾಲ್ಕು ಪಥ, ತೊಂದರೆ ಇಲ್ಲ. ತೊಂದರೆ ಇರುವುದು ಒಳರಸ್ತೆಯಲ್ಲಿ, ಕಬ್ಬಿನ ಹಂಗಾಮಿನಲ್ಲಿ. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳಿಗೆ ಹಿಂದೆ ದೀಪ ಇರುವುದು ಅಪರೂಪ, ಹಳ್ಳಿಯ ಹಂಪ್‌ಗಳಿಗೆ ಬಣ್ಣವೂ ಇರುವುದಿಲ್ಲ. ಪ್ರೀಲೋಡ್ ಬದಲಿಸಿದಾಗ ಹೆಡ್‌ಲೈಟಿನ ಬೆಳಕೂ ಮೇಲೆ ಕೆಳಗೆ ಆಗಿರುತ್ತದೆ. ಸಂಜೆಗೆ ಮುಂಚೆ ಒಂದು ಗೋಡೆಯ ಮುಂದೆ ಲಗೇಜ್ ಸಮೇತ ನಿಲ್ಲಿಸಿ ಅದನ್ನೂ ಸರಿ ಮಾಡಿಕೊಳ್ಳಿ.