ಹೊಸ ಯಂತ್ರಕ್ಕೆ ನಿಧಾನ ಕಲಿಸಿದ ದಿನ

ನನಗೆ ಪಾಠ ಹೇಳಿದ್ದ ಭೂಗೋಳದ ಮೇಷ್ಟ್ರು 1990ರ ದಶಕದ ನಡುಭಾಗದಿಂದ ಪ್ರತಿದಿನ ಬೆಳಿಗ್ಗೆ ಅಂಗಳದ ಮಳೆಮಾಪಕವನ್ನು ನೋಡಿ, ಬಿದ್ದ ಮಳೆಯನ್ನು ತಾವೇ ಬರೆದುಕೊಂಡಿದ್ದ ಒಂದು ಡಾಸ್ (ವಿಂಡೋಸಿಗಿಂತ ಹಿಂದಿನ ಕಾರ್ಯಾಚರಣ ವ್ಯವಸ್ಥೆ) ಪ್ರೋಗ್ರಾಮಿನಲ್ಲಿ ದಾಖಲಿಸುತ್ತ ಬಂದಿದ್ದರು. ಅವರ ಹಳೆಯ ಪೆಂಟಿಯಂ ಕಂಪ್ಯೂಟರು ಕೊನೆಗೂ ನಿಂತುಹೋದಾಗ ಅದರ ಹಾರ್ಡ್ ಡಿಸ್ಕ್ ಮಾತ್ರ ಸುಸ್ಥಿತಿಯಲ್ಲಿತ್ತು. ಅದರೊಳಗಿನ ಕಡತಗಳನ್ನು ಅಡಾಪ್ಟರಿನ ಮೂಲಕ ನನ್ನ ಹೊಸ ಲ್ಯಾಪ್‌ಟಾಪಿಗೆ ಇಳಿಸಿಕೊಂಡೆ. ದಾಖಲೆಗಳೇನೋ ಸಿಕ್ಕಿದವು, ಆದರೆ ಅವುಗಳನ್ನು ಓದಬಲ್ಲ ಏಕೈಕ ಸಾಧನ ಆ ಪ್ರೋಗ್ರಾಮೇ ಆಗಿತ್ತು. ಅದರ ಮೂಲ ಬರಹ (ಸೋರ್ಸ್ ಕೋಡ್) ಇದ್ದ ಫ್ಲಾಪಿ ಎಂದೋ ಹಾಳಾಗಿದ್ದುದರಿಂದ, ಯಾವ ಅಂಕಣದ ನಂತರ ಯಾವುದು ಬರುತ್ತದೆ ಎಂಬುದು ಮೇಷ್ಟ್ರಿಗೂ ನೆನಪಿರಲಿಲ್ಲ. ಹಾಗಾಗಿ ಒಂದು ಭಾನುವಾರವಿಡೀ ಈ ಪ್ರೋಗ್ರಾಮನ್ನು ಹೊಸ ಯಂತ್ರದಲ್ಲಿ ಓಡಿಸುವ ಕೆಲಸಕ್ಕೆ ಕುಳಿತೆ.

ವಿಂಡೋಸ್ 11ರಲ್ಲಿ ಅದರ ಮೇಲೆ ಒತ್ತಿದ ಕೂಡಲೇ, ಇದು ಈ ಕಂಪ್ಯೂಟರಿನಲ್ಲಿ ಓಡದು ಎಂಬ ಸಂದೇಶ ಬಂತು. ಇದು ನಿರೀಕ್ಷಿತವೇ. 1985ರಲ್ಲಿ ಬಂದ ಇಂಟೆಲ್ 80386 ಪ್ರೊಸೆಸರಿನಲ್ಲಿ ಹಳೆಯ 16 ಬಿಟ್ (ಒಮ್ಮೆಗೆ 16 ದ್ವಿಮಾನ ಅಂಕಿಗಳನ್ನು ನಿಭಾಯಿಸುವ) ಡಾಸ್ ಪ್ರೋಗ್ರಾಮುಗಳನ್ನು ಹೊಸ ವ್ಯವಸ್ಥೆಯ ಒಳಗೇ ಓಡಿಸಲು ವರ್ಚುವಲ್ 8086 ಎಂಬ ವಿಶೇಷ ಸ್ಥಿತಿಯೊಂದಿತ್ತು. ವಿಂಡೋಸಿನ 32 ಬಿಟ್ ಆವೃತ್ತಿಗಳು ಡಾಸ್ ಪ್ರೋಗ್ರಾಮುಗಳಿಗೆ ಆಶ್ರಯ ಕೊಟ್ಟದ್ದು ಅದರ ಬಲದಿಂದಲೇ. ಪ್ರೊಸೆಸರ್ 64 ಬಿಟ್ ಸ್ಥಿತಿಗೆ ಹೋದಾಗ ಆ ಸೌಲಭ್ಯ ಲಭ್ಯವಿರುವುದಿಲ್ಲ. ವಿಂಡೋಸ್ 10ಕ್ಕೆ 32 ಬಿಟ್ ಆವೃತ್ತಿಯಾದರೂ ಇತ್ತು. ವಿಂಡೋಸ್ 11ಕ್ಕೆ ಅದೂ ಇಲ್ಲ.

ಆದ್ದರಿಂದ ಮೊದಲು ವರ್ಚುವಲ್ ಬಾಕ್ಸ್ ತಂತ್ರಾಂಶದಲ್ಲಿ ಒಂದು ಕಾಲ್ಪನಿಕ ಕಂಪ್ಯೂಟರನ್ನು ರಚಿಸಿ, ಅದರೊಳಗೆ ಡಾಸಿನ ಉಚಿತ ರೂಪವಾದ ಫ್ರೀಡಾಸ್ ಸ್ಥಾಪಿಸಿ, ಮೇಷ್ಟ್ರ ಪ್ರೋಗ್ರಾಮನ್ನು ಓಡಿಸಿದೆ. ಪರದೆಯ ಮೇಲೆ ಒಂದೇ ಸಾಲು ಮೂಡಿತು: ರನ್‌ಟೈಮ್ ಎರರ್ 200. ಅಂದರೆ ಸೊನ್ನೆಯಿಂದ ಭಾಗಿಸಲಾಗಿದೆ ಎಂಬ ದೂರು. ದಶಕಗಳ ಕಾಲ ತಪ್ಪಿಲ್ಲದೆ ನಡೆದ ಪ್ರೋಗ್ರಾಮು ತನ್ನ ಮೊದಲ ಪರದೆಯನ್ನೂ ತೋರಿಸದೆ ಹೀಗೆ ನಿಂತದ್ದನ್ನು ಕಂಡು ಮೇಷ್ಟ್ರು ಕಳವಳಗೊಂಡರು. ದಾಖಲೆಗಳೇ ಕೆಟ್ಟಿರಬಹುದೆಂದು ಅವರಿಗೆ ಅನ್ನಿಸಿತು. ಆದರೆ ಈ ದೋಷದ ಕಾರಣ ದಾಖಲೆಗಳಲ್ಲೂ ಇರಲಿಲ್ಲ, ಅವರು ಬರೆದ ಒಂದು ಸಾಲಿನಲ್ಲೂ ಇರಲಿಲ್ಲ.

ಪ್ರೋಗ್ರಾಮು ಬರೆಯಲು ಅವರು ಬಳಸಿದ್ದು 1992ರ ಟರ್ಬೋ ಪ್ಯಾಸ್ಕಲ್ 7 ಎಂಬ ಸಾಧನ. ಪರದೆ ಮತ್ತು ಕೀಲಿಮಣೆಯನ್ನು ನಿರ್ವಹಿಸಲು ಅದರೊಂದಿಗೆ ಬರುವ ಸಿಆರ್‌ಟಿ ಎಂಬ ಘಟಕ, ಪ್ರೋಗ್ರಾಮು ಆರಂಭವಾಗುವ ಮೊದಲೇ ಯಂತ್ರದ ವೇಗವನ್ನು ಅಳೆದುಕೊಳ್ಳುತ್ತದೆ. ಪಿಸಿಯ ಗಡಿಯಾರ ಸೆಕೆಂಡಿಗೆ ಸುಮಾರು 18.2 ಬಾರಿ, ಎಂದರೆ 55 ಮಿಲಿಸೆಕೆಂಡಿಗೊಮ್ಮೆ ಮಿಡಿಯುತ್ತದೆ. ಒಂದು ಮಿಡಿತದ ಅವಧಿಯಲ್ಲಿ ಒಂದು ಖಾಲಿ ಸುತ್ತು ಎಷ್ಟು ಸಲ ತಿರುಗುತ್ತದೆಂದು ಎಣಿಸಿ, ಆ ಸಂಖ್ಯೆಯನ್ನು 55ರಿಂದ ಭಾಗಿಸಿದರೆ ಒಂದು ಮಿಲಿಸೆಕೆಂಡಿನ ವಿಳಂಬಕ್ಕೆ ಎಷ್ಟು ಸುತ್ತು ಬೇಕೆಂಬ ಲೆಕ್ಕ ಸಿಗುತ್ತದೆ. ಆ ಭಾಗಲಬ್ಧ 16 ಬಿಟ್ಟುಗಳಲ್ಲಿ, ಎಂದರೆ 65,535ರ ಒಳಗೆ ಹಿಡಿಯಬೇಕು. ಆಗಿನ ಯಂತ್ರಗಳಲ್ಲಿ ಅದು ಸಲೀಸಾಗಿ ಹಿಡಿಯುತ್ತಿತ್ತು. ಸುಮಾರು 200 ಮೆಗಾಹರ್ಟ್ಸ್ ದಾಟಿದ ಪ್ರೊಸೆಸರುಗಳು ಬಂದ ಮೇಲೆ ಉತ್ತರ ಆ ಮಿತಿಯನ್ನು ಮೀರತೊಡಗಿತು. ಭಾಗಲಬ್ಧ ಹಿಡಿಸದಿದ್ದರೂ, ಭಾಜಕ ಸೊನ್ನೆಯಾದರೂ ಪ್ರೊಸೆಸರ್ ನೀಡುವ ಸೂಚನೆ ಒಂದೇ ಆಗಿರುವುದರಿಂದ, ಸೊನ್ನೆಯೇ ಇಲ್ಲದ ಲೆಕ್ಕದಲ್ಲಿ ಸೊನ್ನೆಯ ದೂರು ಕಾಣಿಸಿಕೊಳ್ಳುತ್ತದೆ.

ನನ್ನ ಯಂತ್ರದ ಶಕ್ತಿಯೇ ಇಲ್ಲಿ ಅಡ್ಡಿಯಾಗಿತ್ತು. ಇದನ್ನು ವಿವರಿಸಿ ಹೇಳಿದಾಗ ಮೇಷ್ಟ್ರ ಮುಖದಲ್ಲಿ ನಿರಾಳ ಕಂಡಿತು. ಈ ದೋಷವನ್ನು ಸರಿಪಡಿಸಲು ಕಡತದೊಳಗಿನ ಕೆಲವು ಬೈಟುಗಳನ್ನೇ ಬದಲಿಸುವ ಉಪಕರಣಗಳು ಬಹಳ ಹಿಂದೆಯೇ ಬಂದಿವೆ, ಅವು ಚೆನ್ನಾಗಿಯೇ ಕೆಲಸ ಮಾಡುತ್ತವೆ. ಆದರೂ ನಾನು ಅವುಗಳನ್ನು ಬಳಸಲು ಒಪ್ಪಲಿಲ್ಲ. ಮೂಲ ಬರಹ ಕಳೆದುಹೋಗಿರುವಾಗ ಉಳಿದಿರುವ ಆ ಒಂದು ಕಡತವೇ ಈ ದಾಖಲೆಗಳ ಅರ್ಥಕ್ಕೆ ಸಾಕ್ಷಿ; ಸಾಕ್ಷಿಯನ್ನು ತಿದ್ದುವುದಕ್ಕಿಂತ ಅದು ಬಯಸುವ ಪರಿಸರವನ್ನು ಕಟ್ಟಿಕೊಡುವುದೇ ಸರಿಯಾದ ದಾರಿಯೆಂದು ನನ್ನ ನಂಬಿಕೆ.

ವರ್ಚುವಲ್ ಬಾಕ್ಸಿನಂತಹ ತಂತ್ರಾಂಶ ತನ್ನೊಳಗೆ ಓಡುವ ಅತಿಥಿ ವ್ಯವಸ್ಥೆಯ ಆದೇಶಗಳನ್ನು ಬಹುಪಾಲು ನಿಜವಾದ ಪ್ರೊಸೆಸರಿಗೇ ಒಪ್ಪಿಸುತ್ತದೆ. ಆದ್ದರಿಂದ ಅದರೊಳಗಿನ ಡಾಸ್ ಕೂಡ ಇಂದಿನ ವೇಗದಲ್ಲೇ ಓಡುತ್ತದೆ. ಜೊತೆಗೆ ಡಾಸ್ ಕೀಲಿಯೊಂದನ್ನು ಒತ್ತುವುದಕ್ಕಾಗಿ ಕಾಯುವಾಗ ಸಾಮಾನ್ಯವಾಗಿ ವಿರಮಿಸುವುದಿಲ್ಲ, ಒತ್ತಿದರೋ ಎಂದು ಬಿಡುವಿಲ್ಲದೆ ಕೇಳುತ್ತಲೇ ಇರುತ್ತದೆ. ಇದರಿಂದ ಏನೂ ಕೆಲಸವಿಲ್ಲದ ಕಪ್ಪು ಪರದೆಗಾಗಿ ನನ್ನ ಲ್ಯಾಪ್‌ಟಾಪಿನ ಫ್ಯಾನು ಜೋರಾಗಿ ತಿರುಗುತ್ತಿತ್ತು. ಡಾಸ್ ಪ್ರೋಗ್ರಾಮುಗಳನ್ನು ಓಡಿಸಲೆಂದೇ ಇರುವ ಡಾಸ್‌ಬಾಕ್ಸ್ ಎಂಬ ತಂತ್ರಾಂಶದ ರೀತಿಯೇ ಬೇರೆ. ಅದು ಹಳೆಯ ಪ್ರೊಸೆಸರನ್ನೂ ಗಡಿಯಾರವನ್ನೂ ತಂತ್ರಾಂಶದಲ್ಲಿಯೇ ಅನುಕರಿಸುತ್ತದೆ. ಒಂದು ಮಿಲಿಸೆಕೆಂಡಿಗೆ ಎಷ್ಟು ಆದೇಶಗಳನ್ನು ನಡೆಸಬೇಕೆಂಬುದನ್ನು ಸೈಕಲ್ಸ್ ಎಂಬ ಸಂಖ್ಯೆಯ ಮೂಲಕ ನಾವೇ ನಿಗದಿಪಡಿಸಬಹುದು. ನಾನು ಡಾಸ್‌ಬಾಕ್ಸ್ ಎಕ್ಸ್ ಎಂಬ ಅದರ ವಿಸ್ತೃತ ಕವಲನ್ನು ತೆರೆದು, ಸೈಕಲ್ಸ್ 3000 ಎಂದು ಬರೆದು, ಮಳೆಯ ಕಡತಗಳಿದ್ದ ಫೋಲ್ಡರಿನ ನಕಲನ್ನು ಸಿ ಡ್ರೈವಾಗಿ ಜೋಡಿಸಿದೆ. ನೀಲಿ ಹಿನ್ನೆಲೆಯ ಮೇಲೆ ಹಳದಿ ಅಕ್ಷರಗಳ ಪಟ್ಟಿ ಮೂಡಿತು. ಮೇಷ್ಟ್ರ ಬೆರಳುಗಳು ತಾವಾಗಿಯೇ ಎಫ್2 ಕೀಲಿಯತ್ತ ಹೋದವು, ಮತ್ತು ಹಲವು ವರ್ಷಗಳ ಹಿಂದಿನ ಒಂದು ಜೂನ್ ತಿಂಗಳ ಮಳೆಯೆಲ್ಲ ಸಾಲುಸಾಲಾಗಿ ಕಾಣಿಸಿತು. ಆಗ ಆದ ಸಂತೋಷ ಯಾವ ಹೊಸ ತಂತ್ರಾಂಶದಿಂದಲೂ ನನಗೆ ಸಿಕ್ಕಿರಲಿಲ್ಲ.

ಮುದ್ರಣ ಮುಂದಿನ ತೊಡಕಾಗಿತ್ತು. ಆ ಪ್ರೋಗ್ರಾಮಿಗೆ ಗೊತ್ತಿದ್ದದ್ದು ಎಲ್‌ಪಿಟಿ1 ಎಂಬ ಸಮಾಂತರ ಪೋರ್ಟಿಗೆ ಜೋಡಿಸಿದ ಎಪ್ಸನ್ ಮಾದರಿಯ ಡಾಟ್ ಮ್ಯಾಟ್ರಿಕ್ಸ್ ಮುದ್ರಕ ಮಾತ್ರ; ನನ್ನ ಲ್ಯಾಪ್‌ಟಾಪಿನಲ್ಲಿ ಆ ಪೋರ್ಟೇ ಇಲ್ಲ. ಡಾಸ್‌ಬಾಕ್ಸ್ ಎಕ್ಸ್ ಆ ಪೋರ್ಟನ್ನೂ ಅನುಕರಿಸಿ, ಅಲ್ಲಿಗೆ ಹೋದದ್ದೆಲ್ಲವನ್ನೂ ಒಂದು ಕಡತಕ್ಕೆ ಬರೆಯಬಲ್ಲದು. ಹೀಗೆ ತಿಂಗಳ ವರದಿಗಳೆಲ್ಲ ಸರಳ ಪಠ್ಯವಾಗಿ ಹೊರಬಂದವು. ಆಮೇಲೆ ಅವುಗಳಲ್ಲಿನ ಅಂಕಿಗಳನ್ನು ಎದುರಿಗಿಟ್ಟುಕೊಂಡು ಮೂಲ ದತ್ತಾಂಶ ಕಡತದ ಬೈಟುಗಳನ್ನು ಬಿಡಿಸತೊಡಗಿದೆ. ಟರ್ಬೋ ಪ್ಯಾಸ್ಕಲಿನ ರಿಯಲ್ ಸಂಖ್ಯೆ ಆರು ಬೈಟುಗಳದ್ದು, ಇಂದಿನ ಯಾವ ಸಾಮಾನ್ಯ ಪ್ರೋಗ್ರಾಮಿಂಗ್ ಭಾಷೆಯ ದಶಮಾಂಶ ಸಂಖ್ಯೆಗೂ ಅದು ಹೊಂದುವುದಿಲ್ಲ. ಮೊದಲ ಬೈಟು 129ನ್ನು ಕೂಡಿಸಿದ ಘಾತಾಂಕ, ಕೊನೆಯ ಬೈಟಿನ ತುದಿಯ ಬಿಟ್ಟು ಧನ ಋಣ ಚಿಹ್ನೆ, ಉಳಿದ 39 ಬಿಟ್ಟುಗಳು ಭಿನ್ನಾಂಶ. ವರದಿಯಲ್ಲಿ 12.5 ಮಿಲಿಮೀಟರ್ ಎಂದಿದ್ದ ದಿನಕ್ಕೆ ಕಡತದಲ್ಲಿ 132, ನಾಲ್ಕು ಸೊನ್ನೆಗಳು, ಕೊನೆಗೆ 72 ಎಂದು ಕಂಡಾಗ ಬೀಗದ ಕೈ ಸಿಕ್ಕಿದಂತಾಯಿತು. ಪ್ರೋಗ್ರಾಮು ಜೀವಂತವಾಗಿ ಪರದೆಯ ಮೇಲಿಲ್ಲದಿದ್ದರೆ ಈ ಹೋಲಿಕೆ ಸಾಧ್ಯವಿರಲಿಲ್ಲ, ನನ್ನ ಬಿಡಿಸುವಿಕೆ ಸರಿಯೇ ಎಂದು ಹೇಳುವವರೂ ಇರುತ್ತಿರಲಿಲ್ಲ.

ಮೇಷ್ಟ್ರ ಬಳಿ ಇನ್ನೊಂದು ತಂತ್ರಾಂಶವೂ ಇತ್ತು: ಮಳೆಯ ನಕ್ಷೆಗಳನ್ನು ಬಿಡಿಸುವ, ವಿಂಡೋಸ್ 95ರ ಕಾಲದ ಒಂದು ಪ್ಯಾಕೇಜು. ಅದು ಸ್ವತಃ 32 ಬಿಟ್ಟಿನದಾದರೂ, ಆ ಕಾಲದ ಹಲವು ತಂತ್ರಾಂಶಗಳಂತೆ ಅದರ ಸ್ಥಾಪಕ (ಇನ್‌ಸ್ಟಾಲರ್) ಮಾತ್ರ 16 ಬಿಟ್ಟಿನದು; ಬಾಗಿಲಲ್ಲೇ ತಡೆ. ಇದಕ್ಕಾಗಿ ವರ್ಚುವಲ್ ಬಾಕ್ಸಿನಲ್ಲಿ ವಿಂಡೋಸ್ 98 ಸ್ಥಾಪಿಸಬೇಕಾಯಿತು. ಇಲ್ಲಿಯೂ ಯಂತ್ರವನ್ನು ಕುಗ್ಗಿಸಿಯೇ ಕೆಲಸ ಸಾಧಿಸಬೇಕು. 512 ಮೆಗಾಬೈಟಿಗಿಂತ ಹೆಚ್ಚು ಮೆಮೊರಿ ಕೊಟ್ಟರೆ ಅದರ ಡಿಸ್ಕಿನ ತಾತ್ಕಾಲಿಕ ಸಂಗ್ರಹ (ಕ್ಯಾಶ್) ವ್ಯವಸ್ಥೆ ಮೆಮೊರಿ ವಿಳಾಸಗಳನ್ನೆಲ್ಲ ನುಂಗಿ, ಮೆಮೊರಿ ಸಾಲದೆಂದು ದೂರುವ ಸಂಭವವಿರುವುದರಿಂದ 256 ಮಾತ್ರ ಕೊಟ್ಟೆ. ಇತ್ತೀಚಿನ ಪ್ರೊಸೆಸರುಗಳಲ್ಲಿ ವಿಂಡೋಸ್ 98ರ ಒಂದು ಹಳೆಯ ದೋಷವೂ ಬಯಲಾಗುತ್ತದೆ: ಮೆಮೊರಿಯ ನಕ್ಷೆ ಬದಲಾದಾಗ ಪ್ರೊಸೆಸರಿನ ಟಿಎಲ್‌ಬಿಯಲ್ಲಿ (ಮೆಮೊರಿ ವಿಳಾಸಗಳನ್ನು ನೆನಪಿಟ್ಟುಕೊಳ್ಳುವ ಚಿಕ್ಕ ಪಟ್ಟಿ) ಉಳಿದ ಹಳೆಯ ವಿಳಾಸಗಳನ್ನು ಅದು ಸರಿಯಾಗಿ ಅಳಿಸುವುದಿಲ್ಲ. ಹಳೆಯ ಚಿಪ್ಪುಗಳಲ್ಲಿ ತೊಂದರೆ ಕೊಡದಿದ್ದ ಈ ಲೋಪಕ್ಕೆ ಪ್ಯಾಚರ್‌9ಎಕ್ಸ್ ಎಂಬ ಉಚಿತ ಉಪಕರಣ ಪರಿಹಾರ ಒದಗಿಸುತ್ತದೆ. ಮೈಕ್ರೋಸಾಫ್ಟ್ ಕಂಪನಿಯೇ 2006ರ ಜುಲೈನಲ್ಲಿ ಕೈಬಿಟ್ಟ ವ್ಯವಸ್ಥೆಯ ಒಳಭಾಗವನ್ನು ಇಷ್ಟು ವರ್ಷಗಳ ನಂತರವೂ ಅಧ್ಯಯನ ಮಾಡಿ ತಿದ್ದುತ್ತಿರುವವರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಭದ್ರತೆಯ ತಿದ್ದುಪಡಿಗಳು ನಿಂತುಹೋಗಿರುವುದರಿಂದ ಆ ಕಾಲ್ಪನಿಕ ಯಂತ್ರಕ್ಕೆ ನೆಟ್‌ವರ್ಕ್ ಕಾರ್ಡನ್ನೇ ಕೊಡಲಿಲ್ಲ. ಕಡತಗಳ ಸಾಗಾಟಕ್ಕೆ ಸಿಡಿ ಮತ್ತು ಡಿಸ್ಕ್ ಚಿತ್ರಿಕೆಗಳೇ (ಇಡೀ ಡಿಸ್ಕಿನ ನಕಲಿರುವ ಕಡತಗಳೇ) ಸಾಕು.

ಅಲ್ಲಿ ಸ್ಥಾಪನೆಗೊಂಡ ನಕ್ಷೆಯ ತಂತ್ರಾಂಶದ ಫೋಲ್ಡರನ್ನೂ, ಅದಕ್ಕೆ ಬೇಕಾದ ಕೆಲವು ಡಿಎಲ್‌ಎಲ್ (ಪ್ರೋಗ್ರಾಮುಗಳು ಹಂಚಿಕೊಂಡು ಬಳಸುವ ಸಹಾಯಕ) ಕಡತಗಳನ್ನೂ ಹೊರತೆಗೆದು ವಿಂಡೋಸ್ 11ರಲ್ಲಿ ನೇರವಾಗಿ ತೆರೆದು ನೋಡಿದಾಗ, ಅದು ಯಾವ ತಕರಾರೂ ಇಲ್ಲದೆ ಓಡಿತು. ಸಹಾಯದ ಪುಟಗಳು ಮಾತ್ರ ತೆರೆಯಲಿಲ್ಲ, ಏಕೆಂದರೆ ಹಳೆಯ ಎಚ್‌ಎಲ್‌ಪಿ ಮಾದರಿಯನ್ನು ಹೊಸ ವಿಂಡೋಸ್ ಓದುವುದಿಲ್ಲ.

ಈಗ ಮೇಷ್ಟ್ರ ಮೇಜಿನ ಮೇಲಿನ ಹೊಸ ಕಂಪ್ಯೂಟರಿನಲ್ಲಿ ಡಾಸ್‌ಬಾಕ್ಸ್ ಎಕ್ಸ್‌ನ ಒಂದು ಐಕಾನ್ ಇದೆ. ಅದನ್ನು ಒತ್ತಿದರೆ ಮಳೆಯ ಪ್ರೋಗ್ರಾಮು ನೇರವಾಗಿ ತೆರೆದುಕೊಳ್ಳುತ್ತದೆ, ಅವರು ಎಂದಿನಂತೆ ದಿನದ ಅಂಕಿಯನ್ನು ತುಂಬುತ್ತಾರೆ. ಪ್ರತಿ ತಿಂಗಳು ನಾನು ಬರೆದ ಸಣ್ಣ ಪರಿವರ್ತಕವನ್ನು ಓಡಿಸಿ, ಎಲ್ಲ ದಾಖಲೆಗಳನ್ನೂ ಅಲ್ಪವಿರಾಮಗಳಿಂದ ಬೇರ್ಪಡಿಸಿದ ಪಠ್ಯವಾಗಿ ಉಳಿಸಿಕೊಳ್ಳುತ್ತೇವೆ. ಹಳೆಯ ಡಿಸ್ಕಿನ ಪೂರ್ಣ ಚಿತ್ರಿಕೆ, ತಿದ್ದದ ಮೂಲ ಪ್ರೋಗ್ರಾಮು, ಡಾಸ್‌ಬಾಕ್ಸಿನ ಸ್ಥಾಪಕ, ಅದರ ಸಂರಚನಾ ಕಡತ, ಮತ್ತು ಆ ಆರು ಬೈಟುಗಳ ಲೆಕ್ಕವನ್ನು ವಿವರಿಸಿದ ಒಂದು ಟಿಪ್ಪಣಿ, ಇಷ್ಟನ್ನೂ ಒಂದೇ ಫೋಲ್ಡರಿನಲ್ಲಿ ಸೇರಿಸಿ ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ ಇಟ್ಟಿದ್ದೇವೆ.